ಮೂರು ಗೆರೆಯ ಸಾಣೆಕಲ್ಲು

ಗಡ್ಡ ಬೋಳಿಸಿಕೊಳ್ಳಲು ಕಲ್ಲು ಬೇಕು ಎಂದರೆ ನನ್ನ ಹೆಂಡತಿ ನಿರ್ಮಲಾ ಇವತ್ತಿಗೂ ನಂಬುವುದಿಲ್ಲ. ಪೇಪರ್ ಮಿಲ್ಲಿನಲ್ಲಿ ಮೂವತ್ತು ವರ್ಷ ಕಾಗದ ಕತ್ತರಿಸುವ ಅಲಗುಗಳಿಗೆ ಸಾಣೆ ಹಿಡಿದು ನಿವೃತ್ತನಾದವನು ನಾನು. ಅಪ್ಪನ ಕ್ಷೌರದ ಕತ್ತಿ ಟ್ರಂಕಿನ ತಳದಲ್ಲಿ ಸಿಕ್ಕ ದಿನವೇ ಅಂಗಡಿಯ ಬ್ಲೇಡಿಗೆ ತಿಲಾಂಜಲಿ ಇಟ್ಟೆ. ಒರಟು ಸಾಣೆಕಲ್ಲು ಕತ್ತಿಗೆ ಹರಿತ ಕೊಡುತ್ತದೆ, ನಿಜ; ಆದರೆ ಅದು ಕೆನ್ನೆಯ ಮೇಲೆ ಬೆಣ್ಣೆಯಂತೆ ಜಾರಬೇಕಾದರೆ ಕೊನೆಯ ನಯ ಕೊಡಲು ಇನ್ನೊಂದು ನುಣುಪು ಕಲ್ಲು ಬೇಕು. (ಇದನ್ನು ಅವಳಿಗೆ ನಾಲ್ಕು ಸಲ ವಿವರಿಸಿದ್ದೇನೆ. ನಾಲ್ಕು ಸಲವೂ ಕುಕ್ಕರ್ ಕೂಗಿತು.)

ಅಂಬೇವಾಡಿಯ ನಮ್ಮ ಮನೆಗೆ ಕಲ್ಲುಗಳ ಆಗಮನ ಶುರುವಾಯಿತು. ಹಳಿಯಾಳದ ಸಂತೆಯದು ಕುಡುಗೋಲಿಗಷ್ಟೇ ಲಾಯಕ್ಕು. ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಕೊಂಡ ಹಸಿರು ಕಲ್ಲು ನೋಡಲು ಚೆಂದ, ಕೆಲಸದಲ್ಲಿ ಸೋಮಾರಿ. ಆನ್‌ಲೈನಿನಲ್ಲಿ ಬಂದದ್ದು ನೀರಲ್ಲಿಟ್ಟ ಕೂಡಲೇ ಎರಡು ಹೋಳಾಯಿತು. ಪರೀಕ್ಷೆಗೆಂದು ಹನ್ನೊಂದು ದಿನದ ಗಡ್ಡವನ್ನು ಕಾಪಾಡಿಕೊಂಡಿದ್ದೆ.

ಅಷ್ಟರಲ್ಲಿ ನಮ್ಮ ಮಗಳು ಶೈಲಶ್ರೀಯನ್ನು ನೋಡಲು ಭಾನುವಾರ ಹಳಿಯಾಳದವರು ಬರುವುದಾಯಿತು. ಹುಡುಗ ಮೌನೇಶ ಅವಳ ಬ್ಯಾಂಕಿನವನೇ. ಇಬ್ಬರೂ ಆಗಲೇ ಮನಸ್ಸು ಕೊಟ್ಟಾಗಿತ್ತು. ಉಳಿದದ್ದು ಅವನ ಅಜ್ಜಿ ಶಂಕ್ರೆವ್ವನ ಒಪ್ಪಿಗೆ. ಆಕೆ ಈಗಾಗಲೇ ಎರಡು ಮನೆ ಬೇಡವೆಂದಿದ್ದಳು, ಅದರಲ್ಲೊಂದನ್ನು ಚಹಾ ಬಹಳ ಸಿಹಿಯಾಯಿತೆಂದು.

“ನಾಳೆ ನಿಮ್ಮ ಮಾರಿ ನುಣ್ಣಗಿರಬೇಕು ನೋಡ್ರಿ. ಇಲ್ಲಂದ್ರ ಹಿತ್ತಲದಾಗ ಕುಂದರ್ರಿ, ನಾ ಒಬ್ಬಾಕಿನ ಮಾತಾಡ್ತೇನಿ,” ಎಂದಳು ನಿರ್ಮಲಾ.

ಆ ಸಂಜೆ ಕಾಳಿ ನದಿಯ ದಂಡೆಯಲ್ಲಿ ನನ್ನ ಭಾಗ್ಯ ತೆರೆಯಿತು. ಅಂಗೈಯಗಲದ ಕಪ್ಪು ಕಲ್ಲು, ರೇಷ್ಮೆಯಷ್ಟು ನುಣುಪು. ಹೆಂಡತಿಗೆ ಗೊತ್ತಾಗದಂತೆ ಅಂಗಿಯೊಳಗೆ ತಂದೆ. ಬೆಳಗ್ಗೆ ಹಿತ್ತಲಲ್ಲಿ ಅದನ್ನು ನೆನೆಸಿ, ಒಂದರ ಕೆಳಗೊಂದು ಮೂರೇ ಸಲ ಕತ್ತಿ ಎಳೆದೆ. ಕಪ್ಪು ಕಲ್ಲಿನ ಮೇಲೆ ಉಕ್ಕಿನ ಬೂದುಗೆರೆ ಮೂರು ಮೂಡಿದವು. ಕತ್ತಿಯನ್ನು ಮುಂಗೈಗೆ ತಾಗಿಸಿದರೆ ಕೂದಲು ತಾವೇ ಉದುರಿದವು! ಕುಣಿಯುವುದೊಂದು ಬಾಕಿ. ಕಲ್ಲನ್ನು ದಾಸವಾಳದ ಬುಡಕ್ಕೆ ಒರಗಿಸಿಟ್ಟು ನೀರು ಕಾಯಿಸಲು ಒಳಗೆ ಹೋದೆ.

ಬೀಗರಾಗಬೇಕಾದವರು ಒಂದು ತಾಸು ಮೊದಲೇ ಬಂದರು. ನನ್ನ ಮುಖ ನೋಡಿ ಶಂಕ್ರೆವ್ವ ಹುಬ್ಬು ಗಂಟಿಕ್ಕಿದಳು. ನಿರ್ಮಲಾ ನೆಲ ನೋಡಿದಳು. ಕಾಲು ತೊಳೆಯಲು ಹಿತ್ತಲಿಗೆ ಹೋದ ಅಜ್ಜಿ ಎಷ್ಟು ಹೊತ್ತಾದರೂ ಬರಲಿಲ್ಲ. ನಾನೂ ನಿರ್ಮಲಾಳೂ ಹೋಗಿ ನೋಡಿದರೆ ದಾಸವಾಳದ ಮುಂದೆ ಕೈಮುಗಿದು ನಿಂತಿದ್ದಾಳೆ.

“ಇದು ಎಂದಿನಿಂದ ಐತಿ?” ಎಂದು ಕೇಳಿದಳು.

“ನಿನ್ನೆ ಇರಲಿಲ್ಲರಿ,” ಎಂದಳು ನಿರ್ಮಲಾ. ಜೀವಮಾನದಲ್ಲಿ ಅಷ್ಟು ಸತ್ಯವನ್ನು ಅವಳು ಆಡಿದ್ದಿಲ್ಲ.

“ಹಂಗಾರ ಇವತ್ತ ಎದ್ದಾನ ನಮ್ಮಪ್ಪ. ವಿಭೂತಿ ಮೂರೂ ಗೆರಿ ಮೂಡ್ಯಾವ.”

ಅದು ಸಾಣೆಕಲ್ಲು ಎನ್ನಲು ಬಾಯಿ ತೆರೆದೆ. ಬಾಗಿಲ ಮರೆಯಲ್ಲಿ ಶೈಲಶ್ರೀ ನಿಂತಿದ್ದಳು. ಬೆಳಗಿನ ನನ್ನ ಕಸರತ್ತನ್ನು ಅವಳು ಕಿಟಕಿಯಿಂದ ನೋಡಿದ್ದಳು. ಬೇಡ ಎಂದು ತಲೆಯಾಡಿಸಿದಳು, ಕಣ್ಣಲ್ಲಿ ನೀರು. ಬಾಯಿ ಮುಚ್ಚಿಕೊಂಡೆ.

ಹುಡುಗಿ ನಮ್ಮಾಕಿ ಎಂದು ಶಂಕ್ರೆವ್ವ ಅಲ್ಲೇ ಹೇಳಿಬಿಟ್ಟಳು. ಆಮೇಲೆ ನನ್ನ ಗಡ್ಡದತ್ತ ಕೈ ತೋರಿಸಿ, ಇದೇನೆಂದು ವಿಚಾರಿಸಿದಳು. ನಾನು ತಡವರಿಸುವಷ್ಟರಲ್ಲಿ ನಿರ್ಮಲಾ ಮುಂದೆ ಬಂದಳು.

“ಹರಕಿ ರೀ. ಹನ್ನೊಂದು ದಿನದಿಂದ ಹಿಡದಾರ. ಮಗಳ ಲಗ್ನ ಆಗೂತನಕ ಮಾರಿಗೆ ಕತ್ತಿ ಮುಟ್ಟಿಸೂದಿಲ್ಲ.”

“ಭಾಳ ಛಲೋ ಆತು ಬೀಗರ,” ಎಂದು ಅಜ್ಜಿ ನನಗೂ ಕೈಮುಗಿದಳು.

ಅವತ್ತು ವೈಶಾಖ. ಲಗ್ನ ಗೊತ್ತಾದದ್ದು ಮಾಘಕ್ಕೆ. ಗಡ್ಡ ಈಗ ಅಂಗಿಯ ಎರಡನೇ ಗುಂಡಿ ದಾಟಿದೆ. ಸೋಮವಾರಕ್ಕೊಮ್ಮೆ ನಾನೇ ಆ ಕಲ್ಲಿಗೆ ನೀರೆರೆದು, ಮೂರು ಗೆರೆ ವಿಭೂತಿ ಹಚ್ಚಿ, ಗಡ್ಡ ಎತ್ತಿ ಹಿಡಿದು ನಮಸ್ಕಾರ ಹಾಕುತ್ತೇನೆ.