ಮಾರಮ್ಮನ ಗುಡಿಗೆ ಹೊಡೆದ ಗೂಟ

ಕೆಲವರಿಗೆ ಗೋಡೆಯ ಕ್ಯಾಲೆಂಡರ್ ಸೊಟ್ಟಗಿದ್ದರೆ ಊಟ ಸೇರುವುದಿಲ್ಲ. ನಾನು ಆ ಪೈಕಿ. ಸಾಲದ್ದಕ್ಕೆ ಉದ್ಯೋಗವೂ ಅಂಥದ್ದೇ ಸಿಕ್ಕಿತು. ನೆಲದೊಳಗೆ ಕರೆಂಟು ಹಾಯಿಸಿ, ಎಲ್ಲಿ ಗಟ್ಟಿ ಬಂಡೆ, ಎಲ್ಲಿ ನೀರು ಹಿಡಿಯುವ ಬಿರುಕು ಎಂದು ಹಿಂದಿನವರು ಶೋಧಿಸಿ ಬರೆದ ನಕ್ಷೆಗಳಿವೆ. ಅವನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಇಂದಿನ ಉಪಗ್ರಹ ಚಿತ್ರದ ಮೇಲೆ ಕೂರಿಸಬೇಕು. ಮಡಿಕೆ ಬಿದ್ದ ಹಾಳೆ ಹೇಳಿದಂತೆ ಕೂರುತ್ತದೆಯೇ? ನಾಗಮಂಗಲದ ಮೂಲೆ ಎಳೆದರೆ ಪಾಂಡವಪುರದ ಮೂಲೆ ಸೊಟ್ಟ. ಹಾಗಾಗಿ ಹಳೇ ನಕ್ಷೆ, ಉಪಗ್ರಹ ಚಿತ್ರ ಎರಡರಲ್ಲೂ ಕಾಣುವ, ಕದಲದ ಗುರುತು ಹುಡುಕಿ, ಎರಡೂ ಅಲ್ಲಿ ಒಂದಾಗುವಂತೆ ಪರದೆಯ ಮೇಲೇ ಒಂದೊಂದು ಗೂಟ ಹೊಡೆಯುತ್ತೇವೆ.

ಕಿಕ್ಕೇರಿ ಪಕ್ಕದ ನನ್ನ ತವರಿನಲ್ಲಿ ಅಣ್ಣ ಬೋರ್‌ವೆಲ್ ಕೊರೆಸಲು ಹೊರಟಾಗ ನನ್ನ ಹಟ ಕೆರಳಿತು. ಹಿಂದಿನ ಬೋರು ಬರೀ ಧೂಳು ಕಾರಿತ್ತು. ಇದೂ ಹಾಗೇ ಆದರೆ ಹಸುಗಳನ್ನು ಮಾರಿಬಿಡುತ್ತೇನೆ ಎಂದಿದ್ದ. ಅವುಗಳಿಗೆ ಹೆಸರಿಟ್ಟವಳು ನಾನು, ಸುಮ್ಮನಿರಲಾದೀತೇ? "ತೆಂಗಿನಕಾಯಿ ಹಿಡಿದು ಜಾಗ ನೋಡುವವನು ಬೇಡ, ನಾನೇ ತೋರಿಸ್ತೀನಿ" ಎಂದೆ. ಆ ಕಡೆಯ ಹಾಳೆಯನ್ನು ಆಗಷ್ಟೇ ಕೂರಿಸಿ ಮುಗಿಸಿದ್ದೆ. ಕೆರೆಯ ತೂಬಿಗೊಂದು ಗೂಟ, ಸೇತುವೆಗೊಂದು. ಮೂರನೆಯದನ್ನು ಊರ ಮಾರಮ್ಮನ ಗುಡಿಗೆ ಕಣ್ಣು ಮುಚ್ಚಿ ಹೊಡೆದಿದ್ದೆ. ದೇವರಿಗಿಂತ ಸ್ಥಿರವಾದದ್ದು ಇನ್ನೇನಿದೆ?

ಬೋರ್ ಲಾರಿ ಹೊಲಕ್ಕೆ ಬಂದೇ ಬಿಟ್ಟಿತು. ನಾನು ಫೋನು ಹಿಡಿದು ಗತ್ತಿನಿಂದ ನಡೆದೆ. ನಕ್ಷೆಯಲ್ಲಿ ನೀರಿನ ಬಿರುಕೆಂದು ಗುರುತು ಹಾಕಿಕೊಂಡಿದ್ದ ಚುಕ್ಕಿ ನನ್ನನ್ನು ಬೋಳು ಬಂಡೆಯ ಮೇಲೆ ಹತ್ತಿಸಿ ನಿಲ್ಲಿಸಿತು.

"ಇದು ಬಂಡೆ ಕಣಮ್ಮಿ! ಇಲ್ಲಿ ಯಾವ ನೀರು ಬಂದದು?" ಎಂದ ಅಣ್ಣ.

"ಮಾರಮ್ಮನ ಗುಡಿ ಹಿಡಿದು ಲೆಕ್ಕ ಹಾಕಿದ್ದೀನಿ, ತಪ್ಪೋ ಮಾತೇ ಇಲ್ಲ" ಎಂದೆ.

"ಯಾವ ಗುಡಿ? ರೋಡು ಅಗಲ ಮಾಡ್ವಾಗ ಅಲ್ಲಿಂದ ಎತ್ತಿ ಈಚೆ ಕಟ್ಟಿದ್ವಲ್ಲ, ಮರ್ತ್ಬುಟ್ಟಾ? ಅವತ್ತು ಕಳಸ ಹೊತ್ಕೊಂಡು ಎಲ್ಲರಿಗಿಂತ ಮುಂದೆ ಹೋದೋಳು ನೀನೇ ಕಣಮ್ಮಿ!"

ಹಳೇ ನಕ್ಷೆಯ ಗುಡಿ ಒಂದು ಕಡೆ, ಉಪಗ್ರಹ ಕಂಡ ಗುಡಿ ಇನ್ನೊಂದು ಕಡೆ! ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಿಡಿಸಲೆಂದೇ ಬಂದ ಲಾರಿ ಪಕ್ಕದಲ್ಲೇ ನಿಂತಿತ್ತು. ಡ್ರೈವರ್ ಬೇರೆ ಹಾರನ್ ಹೊಡೆಯುತ್ತಿದ್ದ.

ಹಾಗಂತ ಬಿಟ್ಟುಕೊಡುವವಳಲ್ಲ. ಡ್ರೈವರಿಗೆ ಕಾಫಿ ಕೊಟ್ಟು ಕೂರಿಸಿ, ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದೆ. ಮಾರಮ್ಮನ ಗೂಟ ಕಿತ್ತು, ಊರಾಚೆಯ ಹಳೇ ಕಲ್ಲುಬಾವಿಗೆ ಹೊಡೆದೆ. ಅದನ್ನು ಯಾರೂ ಎತ್ತಿಡಲಿಲ್ಲ ತಾನೇ ಎಂದು ಅಣ್ಣನನ್ನು ಕೇಳಿ ಬೈಸಿಕೊಂಡದ್ದೂ ಆಯಿತು. ಹಾಳೆ ಸರಿಯಿತು, ಚುಕ್ಕಿ ಬಂಡೆಯಿಂದಿಳಿದು ಹೋಗಿ ಅತ್ತಿಗೆಯ ಹುಲ್ಲಿನ ಮೆದೆಯ ಮೇಲೆ ಕುಳಿತಿತು.

"ನೆನ್ನೆ ತಾನೆ ಒಟ್ಟಿದ್ದೆ ಕಣವ್ವಾ! ನೀರು ಬರ್ನಿಲ್ಲ ಅಂದ್ರೆ ನೀನೇ ಬಂದು ಮತ್ತೆ ಒಟ್ಬೇಕು" ಎಂದರು ಅತ್ತಿಗೆ. ಒಪ್ಪಿಕೊಂಡೆ. ಮೆದೆ ಕಿತ್ತು ಸಾಗಿಸಿ ಮೈಯೆಲ್ಲ ನವೆ.

ನೀರು ಬಂತು! ನಾನು ಅತ್ತೇಬಿಟ್ಟೆ. ಅಣ್ಣ ಮಾತ್ರ ಗುಡಿಯ ಕಡೆ ತಿರುಗಿ, "ಎಲ್ಲಾ ನಮ್ಮವ್ವನ ದಯೆ" ಎಂದು ಕೈ ಮುಗಿದ. ನನ್ನ ಹೆಸರು ಎಲ್ಲೂ ಬರಲಿಲ್ಲ. ಮೊದಲ ನೀರು ಮಾರಮ್ಮನಿಗೇ ಎಂದು ತೀರ್ಮಾನವಾಗಿ, ಕಳಸ ಮತ್ತೆ ನನ್ನ ತಲೆಗೇ ಬಂತು. ಈ ಸಲ ಭಕ್ತಿಯಿಂದಲೇ ಹೊತ್ತು ನಡೆದೆ. ಗುಡಿ ಇರುವ ಜಾಗ ಇನ್ನೊಮ್ಮೆ ಮರೆಯದಿರಲೆಂದು ಸೊಂಟಕ್ಕೆ ಸಿಕ್ಕಿಸಿದ ಫೋನಿನಲ್ಲಿ ಲೊಕೇಶನ್ ಆನ್ ಇತ್ತು.