ತೂಗುಸೇತುವೆಯ ಮೇಲೊಂದು ನಾಮಕರಣ

ಇಷ್ಟದ ಸಿನಿಮಾವನ್ನು ಒಬ್ಬರೇ ನೋಡುವುದು ಸುಖ, ಇನ್ನೊಬ್ಬರಿಗೆ ತೋರಿಸುವುದು ಪರೀಕ್ಷೆ. ತೋರಿಸುವಾಗ ನಾವು ಪರದೆಯನ್ನು ನೋಡುವುದಿಲ್ಲ, ಪಕ್ಕದಲ್ಲಿ ಕೂತವರ ಮುಖ ನೋಡುತ್ತಿರುತ್ತೇವೆ. ನಗಬೇಕಾದ ಕಡೆ ಅವರು ನಗದಿದ್ದರೆ ಆ ಹಾಸ್ಯವನ್ನು ಬರೆದವರು ನಾವೇ ಏನೋ ಎಂಬಂತೆ ಮುಜುಗರವಾಗುತ್ತದೆ. ಅವರು ಮೊಬೈಲ್ ಕೈಗೆತ್ತಿಕೊಂಡರಂತೂ ಮುಗಿಯಿತು. ಈ ಭಯದಿಂದಲೇ ಮದುವೆಯಾಗಿ ತಿಂಗಳುಗಳು ಕಳೆದರೂ ನನ್ನ ಪ್ರಾಣಪ್ರಿಯ ಸಿನಿಮಾದ ಸುದ್ದಿಯನ್ನು ನಾನು ಹೆಂಡತಿಯ ಮುಂದೆ ಎತ್ತಿರಲಿಲ್ಲ.

ನೋಡಿದ ಸಿನಿಮಾಗಳನ್ನೆಲ್ಲ ದಿನಾಂಕ ಸಮೇತ ಡೈರಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಪಕ್ಕದಲ್ಲಿ ಹತ್ತಕ್ಕೆ ಇಷ್ಟು ಎಂದು ಅಂಕವನ್ನೂ ಕೊಡುತ್ತೇನೆ. ಅಂಕದ ವಿಷಯದಲ್ಲಿ ನಾನು ಬಿಗಿ, ಆರು ದಾಟುವುದು ಅಪರೂಪ. ಈ ಒಂದು ಸಿನಿಮಾಕ್ಕೆ ಮಾತ್ರ ಪ್ರತಿ ಸಲವೂ ಹತ್ತು. ಜ್ವರ ಬಂದು ಅರ್ಧಕ್ಕೇ ನಿದ್ದೆ ಹೋದ ದಿನವೂ ಹತ್ತೇ. ಇದು ನ್ಯಾಯವಾದ ಮೌಲ್ಯಮಾಪನವಲ್ಲ ಎಂದು ಗೊತ್ತು. ಸ್ವಂತ ಅಜ್ಜಿಗೆ ಅಂಕ ಕೊಡಿ ಎಂದರೆ ಯಾರು ತಾನೇ ನ್ಯಾಯವಾಗಿ ಕೊಟ್ಟಾರು?

ಕಥೆ ದೊಡ್ಡದೇನಲ್ಲ. ಕಾಡಿನೊಳಗೊಂದು ಹಾಳು ಕೋಟೆ, ಕೋಟೆಯೊಳಗೆ ನಿಧಿ, ಎರಡು ತುಂಡಾದ ನಕ್ಷೆ. ಒಂದು ತುಂಡು ನಾಯಕನ ಬಳಿ, ಇನ್ನೊಂದು ಖಳನಾಯಕನ ಬಳಿ. ಮಿಕ್ಕದ್ದೆಲ್ಲ ಕುದುರೆಯಿಂದ ರೈಲಿಗೆ, ರೈಲಿನಿಂದ ಹೊಳೆಗೆ ಹಾರುವುದು. ಆ ಕಾಲದ ಖಳನಾಯಕರ ಸೌಜನ್ಯ ಈಗಿನವರಿಗೆ ಇಲ್ಲ. ನಾಯಕನನ್ನು ಕಂಬಕ್ಕೆ ಕಟ್ಟಿದ ಮೇಲೆ ತಮ್ಮ ಯೋಜನೆಯನ್ನೆಲ್ಲ ಬಿಡಿಸಿ ಹೇಳುತ್ತಿದ್ದರು, ಕೊನೆಯ ಆಸೆ ಏನೆಂದು ಕೇಳುತ್ತಿದ್ದರು, ಆಮೇಲೆ ಬೆನ್ನು ತಿರುಗಿಸಿ ನಿಂತು ಸಾಕಷ್ಟು ಹೊತ್ತು ನಗುತ್ತಿದ್ದರು. ಅಷ್ಟರಲ್ಲಿ ಹಗ್ಗ ಬಿಚ್ಚಿಕೊಳ್ಳಲಾರದ ನಾಯಕ ನಾಯಕನೇ ಅಲ್ಲ.

ಜಯನಗರದ ಪಕ್ಕದ ಯಡಿಯೂರಿನ ನಮ್ಮ ಮನೆಯ ನಡುಮನೆಯಲ್ಲಿ ಇದನ್ನು ಕ್ಯಾಸೆಟ್ಟಿನಲ್ಲಿ ನೋಡುತ್ತಿದ್ದೆವು. ಅಪ್ಪ ಪ್ರತಿ ದೃಶ್ಯಕ್ಕೂ ಮುಂಚೆಯೇ, "ಈಗ ನೋಡು, ಹಿಂದುಗಡೆಯಿಂದ ಬರ್ತಾನೆ" ಎನ್ನುತ್ತಿದ್ದರು. ಅವನು ಹಿಂದಿನಿಂದಲೇ ಬರುತ್ತಿದ್ದ. ತಮ್ಮ ಮಾತು ಕೇಳಿಯೇ ಬಂದನೇನೋ ಎಂಬಂತೆ ಅಪ್ಪ ತೃಪ್ತರಾಗಿ ಒರಗುತ್ತಿದ್ದರು. ಮುಂದೇನಾಗುತ್ತದೆ ಎಂಬ ಕುತೂಹಲ ಹೊಸ ಸಿನಿಮಾದ ಸುಖ. ಮುಂದೆ ಆಗಬೇಕಾದ್ದು ತಪ್ಪದೆ ಆಗುತ್ತದೆ ಎಂಬ ನೆಮ್ಮದಿ ಹಳೆಯ ಸಿನಿಮಾದ್ದು. ನಮ್ಮ ಬದುಕಿನಲ್ಲಿ ಬಸ್ಸು ಕೂಡ ಅಷ್ಟು ಖಾತ್ರಿಯಾಗಿ ಬರುವುದಿಲ್ಲ.

ಆದರೆ ನಮ್ಮ ಕ್ಯಾಸೆಟ್ಟಿನಲ್ಲಿ ಒಂದು ವಿಶೇಷವಿತ್ತು. ನನ್ನ ಚಿಕ್ಕಪ್ಪ ತನ್ನ ಮಗಳ ನಾಮಕರಣದ ವಿಡಿಯೋಗೆ ಇನ್ನೊಂದು ಪ್ರತಿ ಮಾಡಿಕೊಳ್ಳಲು ಪಕ್ಕದ ಮನೆಯ ಪ್ಲೇಯರನ್ನು ಎರವಲು ತಂದು, ಖಾಲಿ ಎಂದುಕೊಂಡು ನಮ್ಮ ಸಿನಿಮಾದ ಕ್ಯಾಸೆಟ್ಟನ್ನೇ ಒಳಗೆ ತುರುಕಿದ್ದ. ಅಮ್ಮ ನೋಡಿ ಕೂಗಿಕೊಳ್ಳುವಷ್ಟರಲ್ಲಿ ನಾಲ್ಕು ನಿಮಿಷ ಅಳಿಸಿಹೋಗಿತ್ತು. ಅದೂ ಎಂಥ ನಾಲ್ಕು ನಿಮಿಷ. ತೂಗುಸೇತುವೆಯ ಹಗ್ಗ ಕತ್ತರಿಸಿದ್ದಾರೆ, ನಾಯಕ ಒಂದೇ ಕೈಯಲ್ಲಿ ಜೋತಾಡುತ್ತಿದ್ದಾನೆ, ಕೆಳಗೆ ಮೊಸಳೆಗಳು ಬಾಯಿ ತೆರೆದಿವೆ. ತಟ್ಟನೆ ನಮ್ಮ ಅಜ್ಜಿ ಕಾಣಿಸಿಕೊಂಡು ಪಂಕ್ತಿಯಲ್ಲಿ ಕೂತವರಿಗೆ, "ನಾಚ್ಕೋಬೇಡಿ, ಇನ್ನೊಂದು ಹೋಳಿಗೆ ಹಾಕಿಸ್ಕೊಳಿ" ಎನ್ನುತ್ತಾಳೆ. ತೊಟ್ಟಿಲು, ಆರತಿ, ಕೋಸಂಬರಿ ಎಲ್ಲ ಮುಗಿದ ಮೇಲೆ ನಾಯಕ ಹರಿದ ಅಂಗಿಯಲ್ಲಿ ಆಚೆ ದಡದಲ್ಲಿ ನಡೆದುಹೋಗುತ್ತಿರುತ್ತಾನೆ.

ಅವನು ಪಾರಾದದ್ದು ಹೇಗೆ? ಈ ಪ್ರಶ್ನೆ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಚರ್ಚೆಯಾಗಿದೆ. ಬಳ್ಳಿ ಹಿಡಿದು ಜೀಕಿದ ಎಂದು ಅಪ್ಪ, ಅಂಗಿ ಎಡಗಡೆಯೇ ಹರಿದಿರುವುದು ಅವರ ಸಾಕ್ಷಿ. ನಾಯಕಿ ಹಗ್ಗ ಎಸೆದಳು ಎಂದು ಅಮ್ಮ, ಮುಂದಿನ ದೃಶ್ಯದಲ್ಲಿ ನಾಯಕಿಯ ಅಂಗೈಗೆ ಕಟ್ಟಿರುವ ಬಟ್ಟೆ ಅವರ ಸಾಕ್ಷಿ. ಸೊಂಟದ ಬೆಲ್ಟನ್ನು ಹಗ್ಗಕ್ಕೆ ಸಿಕ್ಕಿಸಿ ಜಾರಿದ ಎಂದು ನಾನು, ಏಕೆಂದರೆ ಆಮೇಲೆ ಅವನ ಸೊಂಟದಲ್ಲಿ ಬೆಲ್ಟೇ ಇರುವುದಿಲ್ಲ. ಅಜ್ಜಿ ತೀರಿಕೊಂಡಳು, ಕ್ಯಾಸೆಟ್ಟಿಗೆ ಬೂಸಲು ಹಿಡಿಯಿತು, ಚರ್ಚೆ ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು.

ಹೆಂಡತಿ ಸವಿತಾ ಹುಬ್ಬಳ್ಳಿಯವಳು. ಮದುವೆಗೆ ಮುಂಚೆ ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದು ಜಯನಗರದ ಆಡಿಟರ್ ಆಫೀಸಿಗೆ ಹೋಗುತ್ತಿದ್ದಳು, ಈಗ ಅಲ್ಲಿಗೇ ನಮ್ಮ ಮನೆಯಿಂದ ಹೋಗುತ್ತಾಳೆ. ಆಧಾರವಿಲ್ಲದ ಯಾವುದನ್ನೂ ಒಪ್ಪುವುದಿಲ್ಲ. ಒಂದು ಭಾನುವಾರ ಊಟದ ಹೊತ್ತಿನಲ್ಲಿ ಅಪ್ಪ ಅಮ್ಮ ಮತ್ತೆ ಸೇತುವೆಯ ಜಗಳಕ್ಕೆ ಇಳಿದರು. ಅವಳು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಮೊಬೈಲ್ ಒತ್ತಿ ಹೇಳಿದಳು.

"ಪೂರ್ತಿ ಸಿನಿಮಾ ಇಲ್ಲೇ ಐತಲ್ರೀ. ನೋಡಿದ್ರ ಗೊತ್ತಾಗ್ತದ. ಇಷ್ಟು ವರ್ಷ ಯಾಕ ಜಗಳಾಡೀರಿ?"

ಅದು ಅಲ್ಲಿರುವುದು ನನಗೆ ಗೊತ್ತಿತ್ತು. ಬೇಕೆಂದೇ ತೆರೆದಿರಲಿಲ್ಲ. ಈಗ ಎರಡು ಅಪಾಯಗಳು ಒಟ್ಟಿಗೆ ಬಂದವು. ಸೇತುವೆಯ ಗುಟ್ಟು ರಟ್ಟಾದರೆ ಮನೆಯಲ್ಲಿ ಆಡಲು ಮಾತೇ ಉಳಿಯುವುದಿಲ್ಲ. ಇವಳು ನಕ್ಕುಬಿಟ್ಟರೆ ನನಗೆ ಸಿನಿಮಾವೇ ಇಲ್ಲ, ಮುಂದೆ ಎಂದಿಗೂ ಅದನ್ನು ಮೊದಲಿನ ಹಾಗೆ ನೋಡಲಾರೆ. ಆದರೆ ಅಪ್ಪ ಆಗಲೇ ಕೈ ತೊಳೆದು ಟಿವಿಯ ಮುಂದೆ ಕೂತಿದ್ದರು.

ಸವಿತಾ ಮಂಡಕ್ಕಿ ಒಗ್ಗರಣೆಯ ಬಟ್ಟಲು ಹಿಡಿದು ಕೂತಳು. ಮೊದಲ ಪೆಟ್ಟು ಬೇಗನೆ ಬಿತ್ತು.

"ಇಷ್ಟು ದೂರ ಕುದುರಿ ಮ್ಯಾಲೆ ಬಂದಾನ, ಬೈತಲಿ ಒಂಚೂರೂ ಕೆಟ್ಟಿಲ್ಲಲ್ರೀ."

"ಎಣ್ಣೆ ಹಾಕಿದಾನೆ" ಎಂದೆ.

"ಆ ನಕ್ಷಾ ಹರದದ್ದಲ್ಲ. ಕತ್ರಿಲೆ ಕತ್ತರಿಸ್ಯಾರ, ಅಂಚು ನೋಡ್ರಿ."

ಅಪ್ಪ ಚಿತ್ರ ನಿಲ್ಲಿಸಿ ಟಿವಿಯ ಹತ್ತಿರ ಹೋಗಿ ನೋಡಿದರು. "ಹೌದಲ್ಲಮ್ಮ" ಎಂದರು. ನಮ್ಮವರೇ ಶತ್ರುಪಕ್ಷ ಸೇರುವುದು ಹೀಗೆಯೇ. ನಾನು ಪರದೆ ನೋಡುವುದನ್ನು ಬಿಟ್ಟು ಮಂಡಕ್ಕಿಯ ಬಟ್ಟಲನ್ನು ನೋಡುತ್ತ ಕೂತೆ.

ಸೇತುವೆ ಬಂತು. ಹಗ್ಗ ಕತ್ತರಿಸಿದರು. ಮೊಸಳೆಗಳು ಬಾಯಿ ತೆರೆದವು. ನಾವು ಮೂವರೂ ಮುಂದಕ್ಕೆ ಬಾಗಿದೆವು. ಆಗ ಹಿಮದ ಬೆಟ್ಟವೊಂದು ಕಾಣಿಸಿತು. ಕೆಂಪು ಸ್ವೆಟರ್ ಹಾಕಿಕೊಂಡ ನಾಯಕ ನಾಯಕಿಯ ಜೊತೆ ಕುಣಿಯತೊಡಗಿದ. ಜೋತಾಡುತ್ತಲೇ ಕನಸು ಕಾಣುತ್ತಿದ್ದಾನೆ ಎಂದು ಅರ್ಥವಾಗಲು ನಮಗೆ ಒಂದು ಚರಣ ಹಿಡಿಯಿತು. ಹಾಡು ಮುಗಿಯಿತು. ನಾಯಕ ಹರಿದ ಅಂಗಿಯಲ್ಲಿ ಆಚೆ ದಡದಲ್ಲಿ ನಡೆದುಹೋದ. ಅವನು ದಾಟಿದ್ದು ಹೇಗೆಂದು ನಿರ್ದೇಶಕನಿಗೂ ಗೊತ್ತಿರಲಿಲ್ಲ.

ಅಮ್ಮ ಮೆಲ್ಲಗೆ, "ಇದಕ್ಕಿಂತ ಅತ್ತೆಯವರ ಹೋಳಿಗೆನೇ ಚೆನ್ನಾಗಿತ್ತು" ಎಂದರು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಕನ್ನಡಕದಲ್ಲಿ ಧೂಳೇನೂ ಇರಲಿಲ್ಲ.

ನಾನು ಧೈರ್ಯಮಾಡಿ ಸವಿತಾಳ ಕಡೆ ತಿರುಗಿದೆ. ಅವಳು ನಗುತ್ತಿರಲಿಲ್ಲ. ಮಂಡಕ್ಕಿಯ ಕೈ ಬಾಯಿಯ ಹತ್ತಿರ ನಿಂತಿತ್ತು.

"ಹಿಂದಕ್ಕ ತಗೋರಿ" ಎಂದಳು.

ಅಪ್ಪ ಹಿಂದಕ್ಕೆ ತೆಗೆದರು. ಅವಳು ಎರಡು ಸಲ ನೋಡಿದಳು. ಆಮೇಲೆ ಸಿನಿಮಾ ಮುಗಿಯುವವರೆಗೂ ಒಂದೂ ತಪ್ಪು ಹಿಡಿಯಲಿಲ್ಲ. ಮುಗಿದ ಮೇಲೆ ಬಟ್ಟಲು ಕೆಳಗಿಟ್ಟು, "ಬಳ್ಳಿನೂ ಅಲ್ಲ, ಬೆಲ್ಟೂ ಅಲ್ಲ. ಖಳನಾಯಕನ ಮಂದ್ಯಾಗ ಒಬ್ಬ ಗಡ್ಡದಾಂವ ಅದಾನಲ್ಲ, ಅಂವಾ ಕೈ ಹಿಡದು ಎತ್ಯಾನ" ಎಂದಳು.

"ಅದಕ್ಕೇನು ಸಾಕ್ಷಿ?" ಎಂದೆ.

"ಕಡೀಕ ನಾಯಕ ಎಲ್ಲಾರ್ನೂ ಪೊಲೀಸರಿಗೆ ಹಿಡಕೊಟ್ಟಾನ, ಗಡ್ಡದಾಂವನ್ನ ಒಬ್ಬನ್ನ ಯಾಕ ಬಿಟ್ಟಾನ ಹೇಳ್ರಿ?"

ಅಷ್ಟು ವರ್ಷಗಳಲ್ಲಿ ಗಡ್ಡದವನು ಎಲ್ಲಿ ಹೋದ ಎಂದು ನಾವು ಯಾರೂ ಯೋಚಿಸಿರಲಿಲ್ಲ. ಅಮ್ಮ ತಾವೇ ನಾಯಕಿಯಿಂದ ಎಸೆಯಿಸಿದ್ದ ಹಗ್ಗವನ್ನು ಆ ಕ್ಷಣವೇ ಕೈಬಿಟ್ಟರು. "ಮೊದಲಿಂದಲೂ ಅವನ ಮೇಲೆ ನನಗೆ ಒಳ್ಳೆ ಅಭಿಪ್ರಾಯ ಇತ್ತು" ಎಂದರು. ಅಪ್ಪ ಬಳ್ಳಿಗಾಗಿ ಸ್ವಲ್ಪ ಹೊತ್ತು ಹೋರಾಡಿ, ಕಾಫಿ ಬರುವಷ್ಟರಲ್ಲಿ ಗಡ್ಡದವನ ಕಡೆ ಹೋದರು. ಬೆಲ್ಟಿನ ಪಕ್ಷದಲ್ಲಿ ನಾನೊಬ್ಬನೇ ಉಳಿದೆ.

ಸಂಜೆ ಸವಿತಾ ಹುಬ್ಬಳ್ಳಿಗೆ ಫೋನ್ ಮಾಡಿದಳು. ಅವಳಮ್ಮನಿಗೆ ಇಡೀ ಸಿನಿಮಾದ ಕಥೆಯನ್ನು ಹೇಳುತ್ತಿದ್ದುದು ಒಳಗಿದ್ದ ನನಗೆ ಕೇಳಿಸುತ್ತಿತ್ತು. ಮೊಸಳೆಗಳ ಸಂಖ್ಯೆ ಹೆಚ್ಚಾಗಿತ್ತು. ಹಾಡಿನ ಸುದ್ದಿಯೇ ಇರಲಿಲ್ಲ. ಗಡ್ಡದವನು ಬಗ್ಗಿ ಕೈ ಚಾಚಿದ, ಇಬ್ಬರೂ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು ಎಂಬಲ್ಲಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದು, "ಅದು ಸಿನಿಮಾದಲ್ಲಿ ಎಲ್ಲಿದೆ?" ಎಂದೆ.

ಅವಳು ಫೋನಿಗೆ ಕೈ ಅಡ್ಡ ಹಿಡಿದು ಹೇಳಿದಳು. "ನೀವು ಸುಮ್ನಿರ್ರಿ. ಆ ಹೊತ್ತಿಗೆ ನೀವು ನನ್ನ ಬಟ್ಟಲಾ ನೋಡಾಕತ್ತಿದ್ರಿ."