ಸಂಜೆಯೊಳಗೆ ಹಿಮ

ಮ್ಯಾಲಕಿ ಫರ್ಲಾಂಗ್ ಬೆಳಿಗ್ಗೆ ಮಾಂಸದಂಗಡಿಗೆ ಹೋದವನು ಸುಮ್ಮನೆ ಸಾಸೇಜ್ ತಂದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ವೆಕ್ಸ್‌ಫರ್ಡ್ ಕರಾವಳಿಯ ಆ ಊರಲ್ಲಿ ವಾರದಿಂದ ಕೊರೆಯುವ ಚಳಿ, ಆದರೆ ಹಿಮದ ಸುಳಿವಿಲ್ಲ. ಮ್ಯಾಲಕಿಗೋ ಹಿಮದ ಹುಚ್ಚು. ಹಿತ್ತಲಲ್ಲಿ ಗಾಳಿಯ ದಿಕ್ಕು ತೋರಿಸುವ ತಗಡಿನ ಹುಂಜ ನೆಟ್ಟುಕೊಂಡು, ತನ್ನಂಥದೇ ಹುಚ್ಚಿನವರ ಗುಂಪಿಗೆ ಫೋನಿನಲ್ಲಿ ದಿನವಿಡೀ ವರದಿ ಕಳಿಸುತ್ತಿದ್ದ.

"ಏನಯ್ಯಾ, ನಿನ್ನ ಹಿಮಕ್ಕೆ ಬಸ್ಸು ತಪ್ಪಿಹೋಯ್ತಾ?" ಎಂದ ಅಂಗಡಿಯ ಬಾಸ್ಕೋ ರೋಚ್, ಚೂರಿ ಮಸೆಯುತ್ತ. ಸಾಲಿನಲ್ಲಿದ್ದವರು ಕಿಸಕ್ಕೆಂದರು.

"ಕತ್ತಲಾಗೋದ್ರೊಳಗೆ ಬೀಳತ್ತೆ," ಎಂದ ಮ್ಯಾಲಕಿ. "ಬೀಳದಿದ್ರೆ ಬರೀ ಚಡ್ಡೀಲಿ ಸಮುದ್ರಕ್ಕೆ ಇಳೀತೀನಿ. ಬಂದು ನೋಡ್ಕೊಳ್ಳಿ."

ಮಾತು ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು.

"ಹೋಗಿ ತಮಾಷೆಗೆ ಅಂದೆ ಅಂತ ಹೇಳ್ಬಾ," ಎಂದಳು ಹೆಂಡತಿ ಡಿಂಪ್ನಾ, ಬಾಗಿಲಲ್ಲೇ.

"ತಮಾಷೆಗೆ ಅಂದಿಲ್ವಲ್ಲ."

ಮಧ್ಯಾಹ್ನದ ಹೊತ್ತಿಗೆ ಗುಂಪಿನವರ ಊರುಗಳಲ್ಲೆಲ್ಲ ಹಿಮ. ಮ್ಯಾಲಕಿಯ ತಲೆಯ ಮೇಲೆ ಮಾತ್ರ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಪಕ್ಕದ ಮನೆಯ ಸಿನಟ್ ಅಜ್ಜಿ ಬೇಲಿಯಾಚೆಯಿಂದ, "ಮ್ಯಾಲಕಿ, ನನ್ನ ಮೂಗಿನ ಮೇಲೆ ಏನೋ ಬಿತ್ತಪ್ಪಾ," ಎಂದಳು. ಕಾಲುಚೀಲದಲ್ಲೇ ಓಡಿಬಂದು ನೋಡಿದರೆ ಅವಳದೇ ಚಿಮಣಿಯ ಬೂದಿ.

ಕಡಲ ಕಡೆಯಿಂದ ಮೋಡ ಬರುತ್ತಿದೆಯೇ ನೋಡೋಣವೆಂದು ಸೌದೆಮನೆಯ ಮಾಡು ಹತ್ತಿದ. ಹಲಗೆ ಮುರಿದು ಒಂದು ಕಾಲು ಒಳಗಿಳಿಯಿತು. ನೆರೆಯವರು ಕೆಳಗಿನಿಂದ ಆ ಕಾಲನ್ನು ಮೇಲಕ್ಕೆ ನೂಕುತ್ತ, "ಮೇಲಿಂದ ಏನಾದ್ರೂ ಕಾಣಿಸ್ತಾ?" ಎಂದು ವಿಚಾರಿಸಿಕೊಂಡರು.

"ಮೋಡ ಬರ್ತಿದೆ," ಎಂದ ಮ್ಯಾಲಕಿ, ಹಲ್ಲು ಕಚ್ಚಿ.

ಮೋಡವೇನೋ ಬಂತು. ಬಂದು ಸುಮ್ಮನೆ ನಿಂತಿತು. ಹೊತ್ತು ಇಳಿಯುವಾಗ ಇಡೀ ಬೀದಿ ಫ್ಲಾಸ್ಕುಗಳಲ್ಲಿ ಚಹಾ ತುಂಬಿಕೊಂಡು ಕಡಲತೀರದಲ್ಲಿ ನೆರೆದಿತ್ತು.

ನೀರಿನ ಬಣ್ಣ ನೋಡಿ ಬಾಸ್ಕೋಗೇ ಅಳುಕಾಯಿತು. "ಸೋತೆ ಅಂದ್ಬಿಡು ಮಾರಾಯ, ಸಾಕು. ಕೋಟು ಬಿಚ್ಬೇಡ."

"ಯಾಕೆ ಅನ್ಲಿ? ಪೂರ್ವದ ಗಾಳಿ ಇದೆ, ಮೋಡ ಇದೆ. ನನ್ನ ಲೆಕ್ಕ ಸರಿಯಾಗೇ ಇದೆ. ಹಿಮಾನೇ ತಡಮಾಡ್ತಿರೋದು. ಕತ್ತಲಾದ್ಮೇಲೆ ಇಳಿದ್ರೆ ನಿಮಗೆ ಕಾಣಲ್ಲ, ಈಗ್ಲೇ ಇಳೀತೀನಿ."

ಕೋಟು ಬಿಚ್ಚಿ ಡಿಂಪ್ನಾಳ ಕೈಗಿತ್ತು, ಬರೀ ಚಡ್ಡಿಯಲ್ಲಿ, ಮದುವೆಗೆ ಹೊರಟವನ ಹಾಗೆ ನೆಟ್ಟಗೆ ನಡೆದು ನೀರಿಗಿಳಿದ. ಸೊಂಟದವರೆಗೆ ಉಸಿರಿತ್ತು, ಆಮೇಲೆ ಅದೂ ಇಲ್ಲ. ಕಣ್ಣು ಮುಚ್ಚಿ ಮುಳುಗಿದ.

ತಲೆಯೆತ್ತಿದಾಗ ದಡದಲ್ಲಿ ಕೇಕೆಯೋ ಕೇಕೆ. ತನ್ನನ್ನೇ ಆಡಿಕೊಳ್ಳುತ್ತಿದ್ದಾರೆಂದು ಉಪ್ಪುನೀರು ಒರೆಸಿಕೊಂಡು ನೋಡಿದರೆ, ಬಾಸ್ಕೋನ ಬೋಳುತಲೆಯ ಮೇಲೆ ದಪ್ಪದಪ್ಪ ಹಿಮ ಇಳಿಯುತ್ತಿತ್ತು. ಪಡುವಣದಲ್ಲಿ ಬೆಳಕು ಇನ್ನೂ ಸ್ಪಷ್ಟವಾಗಿತ್ತು.

"ಕ-ಕತ್ತಲಾಗಿಲ್ಲ. ಗೆ-ಗೆದ್ದೆ," ಎಂದ. ಎಲ್ಲರೂ ಮೇಲೆ ನೋಡುತ್ತಿದ್ದರು. ಅವನತ್ತ ನೋಡುವವರಿಲ್ಲ.

ಡಿಂಪ್ನಾ ಅವನನ್ನು ಮನೆಗೆ ಎಳೆದೊಯ್ದು, ಕಂಬಳಿಗಳಲ್ಲಿ ಸುತ್ತಿ ಮಲಗಿಸಿ, ಚಳಿ ನುಗ್ಗದಂತೆ ಕಿಟಕಿಯ ಪರದೆ ಬಿಗಿಯಾಗಿ ಎಳೆದಳು. ಹೊರಗೆ ಹಿಮ ಬೀಳುತ್ತಿತ್ತು. ಮ್ಯಾಲಕಿ ಪರದೆಯ ಹೂಗಳನ್ನು ನೋಡುತ್ತ ಮಲಗಿದ. ಯಾರಾದರೊಬ್ಬರು ಬಂದು, ನಿನ್ನ ಲೆಕ್ಕ ಸರಿ ಎಂದರೆ ಸಾಕಿತ್ತು.

ಸ್ವಲ್ಪ ಹೊತ್ತಿಗೆ ಬೂಟಿನ ಹಿಮ ಕೊಡವುತ್ತ ಬೀದಿಯೇ ಕೋಣೆಯೊಳಗೆ ಬಂತು.

"ಒಪ್ಕೊಂಡ್ವಿ ಮ್ಯಾಲಕಿ," ಎಂದ ಬಾಸ್ಕೋ.

ಮ್ಯಾಲಕಿ ದಿಂಬಿಗೊರಗಿ ಎದ್ದು ಕೂತ.

"ಹುಟ್ಟಿದಾಗಿಂದ ಸಮುದ್ರದ ಮುಂದೇನೇ ಇದೀವಿ, ಈ ಉಪಾಯ ನಮಗೆ ಹೊಳೀಲೇ ಇಲ್ಲ ನೋಡು. ಈಗ ಹಿಮ ನಿಲ್ತಾ ಬಂತು. ನಾಳೆ ಮಕ್ಕಳಿಗೆ ಶಾಲೆ ರಜೆ ಸಿಗ್ಬೇಕಂದ್ರೆ ಇನ್ನೂ ಎರಡಂಗುಲ ಬೇಕಂತೆ. ಇನ್ನೊಂದ್ಸಲ ಮುಳುಗಿ ಬಂದ್ಬಿಡ್ತೀಯಾ?"

ಹಿಂದೆ ಸಿನಟ್ ಅಜ್ಜಿ ಬೆಚ್ಚಗಿನ ಟವಲು ಹಿಡಿದು ನಿಂತಿದ್ದಳು.

"ಅದು ಪೂರ್ವದ ಗಾಳಿ ಕಣ್ರೋ," ಎಂದು ಮ್ಯಾಲಕಿ ಕಂಬಳಿಯೊಳಗಿಂದಲೇ ಗುಡುಗಿದ. "ನಾನಲ್ಲ. ಗಾಳಿ."

"ಯಾವುದೋ ಒಂದು. ನೀನು ಮುಳುಗಿದ್ಮೇಲೆ ತಾನೇ ಬಿದ್ದಿದ್ದು?" ಎಂದು ಡಿಂಪ್ನಾ, ಒದ್ದೆ ಚಡ್ಡಿ ಒಣಗಿದೆಯೇ ನೋಡಲು ಅಡುಗೆಮನೆಗೆ ಹೋದಳು.